ಥಾರಾ, ಜಿಮ್ನಿಯಾ?

ಮಹೀಂದ್ರ ಥಾರ್ ಮತ್ತು ಮಾರುತಿ ಸುಜುಕಿ ಜಿಮ್ನಿಗಳನ್ನು ಅಂಕಿಗಳ ಪಟ್ಟಿಯಲ್ಲಿ ಎದುರುಬದುರು ನಿಲ್ಲಿಸಿದರೆ ಜಿಮ್ನಿ ಸೋಲುವುದಕ್ಕೆ ಎರಡು ನಿಮಿಷ ಸಾಕು. ಮೂರು ಬಾಗಿಲಿನ ಥಾರ್‌ನ 2.2 ಲೀಟರ್ ಡೀಸೆಲ್ ಎಂಜಿನ್ನಿಗೆ 130 ಅಶ್ವಶಕ್ತಿ, 300 ನ್ಯೂಟನ್ ಮೀಟರ್ ಟಾರ್ಕ್. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಸುಮಾರು 103 ಅಶ್ವಶಕ್ತಿ, ಟಾರ್ಕ್ ಬರೀ 134. ನೆಲದಿಂದ ಗಾಡಿಯ ಅಡಿಭಾಗಕ್ಕೆ ಇರುವ ಎತ್ತರ ಅದಕ್ಕೆ 226 ಮಿ.ಮೀ., ಇದಕ್ಕೆ 210. ಮಾರಾಟದಲ್ಲಂತೂ ಥಾರ್ ಎಷ್ಟೋ ಮುಂದೆ. ಇಷ್ಟಾದರೂ, ಮಲೆನಾಡಿನ ತೋಟದ ದಾರಿಯಲ್ಲಿ ದಿನಾ ಓಡಾಡುವವರು ಯಾವುದು ತಗೊಳ್ಳಲಿ ಎಂದು ಕೇಳಿದರೆ ನನ್ನ ಉತ್ತರ ಜಿಮ್ನಿ. ಪಟ್ಟಿಯ ಕೊನೆಗೆಲ್ಲೋ ಬರುವ, ಯಾರೂ ಓದದ ಒಂದು ಸಾಲು ಅದಕ್ಕೆ ಕಾರಣ: ತೂಕ.

ಜಿಮ್ನಿ 1,200 ಕಿಲೋ ಆಸುಪಾಸಿನ ಗಾಡಿ. ಥಾರ್ ಅದಕ್ಕಿಂತ ಅರ್ಧ ಟನ್ನಿನಷ್ಟು ಹೆಚ್ಚು. ಮೂಡಿಗೆರೆ, ಸಕಲೇಶಪುರದ ಕಡೆ ಆಷಾಢದ ಮಳೆ ಹಿಡಿದುಕೊಂಡ ಮೇಲೆ ತೋಟದ ಮಣ್ಣಿನ ರಸ್ತೆಗಳು ಹೇಗಿರುತ್ತವೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಜಾರಿನಲ್ಲಿ ಎಂಜಿನ್ನಿನ ಶಕ್ತಿ ಕಡಿಮೆಯಾಯಿತೆಂದು ಗಾಡಿ ನಿಲ್ಲುವುದು ಅಪರೂಪ. ಚಕ್ರಕ್ಕೆ ಹಿಡಿತ ಸಿಗದೆ ನಿಲ್ಲುತ್ತದೆ, ಇಲ್ಲವೇ ಭಾರಕ್ಕೆ ಹೂತುಕೊಳ್ಳುತ್ತದೆ. ಹೂತ ಥಾರನ್ನು ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕು. ಜಿಮ್ನಿಯಾದರೆ ಎಷ್ಟೋ ಸಲ ನಾಲ್ಕು ಆಳು ಸೇರಿ ತಳ್ಳಿದರೆ ಮೇಲೆ ಬಂದುಬಿಡುತ್ತದೆ. ಅಗಲದ್ದೂ ಇದೇ ಕಥೆ. ಥಾರ್ 1,820 ಮಿ.ಮೀ., ಜಿಮ್ನಿ 1,645. ಒಂದು ಕಡೆ ಧರೆ, ಇನ್ನೊಂದು ಕಡೆ ಚರಂಡಿ ಇರುವ ದಾರಿಯಲ್ಲಿ, ಎದುರಿಗೆ ಗೊಬ್ಬರದ ಚೀಲ ಹೇರಿದ ಪಿಕಪ್ ಬಂದಾಗ ಆ ಒಂದು ಗೇಣಿನ ಬೆಲೆ ತಿಳಿಯುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ ಸೇನೆಯಲ್ಲೂ ಎಸ್ಟೇಟುಗಳಲ್ಲೂ ಅಷ್ಟು ಕಾಲ ಉಳಿದದ್ದು ಹಗುರವಾಗಿದ್ದುದರಿಂದಲೇ. ಜಿಮ್ನಿ ಅದೇ ವಂಶದ ಕುಡಿ. ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್; ಒಂದು ಚಕ್ರ ಕಲ್ಲಿನ ಮೇಲೇರಿದರೆ ಅದೇ ಆಕ್ಸಲ್ಲಿನ ಇನ್ನೊಂದು ಚಕ್ರ ಕೆಳಗೆ ಒತ್ತಿಕೊಂಡು ನೆಲ ಹಿಡಿಯುತ್ತದೆ. ಥಾರ್‌ಗೆ ಮುಂದಿನ ಎರಡು ಚಕ್ರಗಳಿಗೂ ಬೇರೆಬೇರೆ ಸಸ್ಪೆನ್ಷನ್. ಡಾಂಬರಿನ ಮೇಲೆ ಅದರಿಂದ ಹಿತ, ಹಳ್ಳದಲ್ಲಿ ಅಷ್ಟಿಲ್ಲ.

ಹಾಗೆಂದು ಥಾರನ್ನು ಬರೀ ಮೈಕಟ್ಟಿನ ಗಾಡಿ ಎಂದು ತಳ್ಳಿಹಾಕುವುದು ತಪ್ಪು. ಮೇಲ್ದರ್ಜೆಯ ಥಾರ್‌ಗಳ ಹಿಂದಿನ ಆಕ್ಸಲ್ಲಿನಲ್ಲಿ ಮೆಕ್ಯಾನಿಕಲ್ ಡಿಫ್ ಲಾಕ್ ಇದೆ. ಒಂದು ಚಕ್ರ ಗಾಳಿಯಲ್ಲಿ ಸುತ್ತತೊಡಗಿದ ಕೂಡಲೇ ಎರಡನ್ನೂ ಸೇರಿಸಿ ಬಿಗಿಯುತ್ತದೆ. ಜಿಮ್ನಿಯಲ್ಲಿ ಈ ಕೆಲಸವನ್ನು ಬ್ರೇಕಿನಿಂದ ಮಾಡಿಸುತ್ತಾರೆ: ಸುಮ್ಮನೆ ಸುತ್ತುವ ಚಕ್ರವನ್ನು ಕಂಪ್ಯೂಟರ್ ಹಿಡಿದು, ಶಕ್ತಿಯನ್ನು ಆಚೆ ಚಕ್ರಕ್ಕೆ ಕಳಿಸುತ್ತದೆ. ಕೆಲಸ ಆಗುತ್ತದೆ, ಆದರೆ ಚಕ್ರ ಮೊದಲು ಸ್ವಲ್ಪ ಸುತ್ತಬೇಕು, ಡ್ರೈವರ್ ಹೆದರದೆ ಆಕ್ಸಿಲರೇಟರ್ ಒತ್ತಿ ಹಿಡಿದಿರಬೇಕು. ಹೊಸಬರು ಅಲ್ಲೇ ಕಾಲು ತೆಗೆದುಬಿಡುತ್ತಾರೆ. ಹೊಳೆ ದಾಟುವ ಮಾತು ಬಂದರೆ ಥಾರ್‌ಗೆ ಕಂಪನಿಯೇ 650 ಮಿ.ಮೀ. ಆಳದವರೆಗೆ ಭರವಸೆ ಕೊಡುತ್ತದೆ. ಟ್ರೇಲರ್ ಎಳೆಯುವವರಿಗೂ ಥಾರ್ ಡೀಸೆಲ್ಲೇ ಸರಿ.

ಹೆದ್ದಾರಿಗೆ ಬಂದರೆ ನನ್ನ ಜಿಮ್ನಿ ಪಕ್ಷಪಾತಕ್ಕೆ ಮಾತೇ ಹೊರಡುವುದಿಲ್ಲ. ಹಾಸನದಿಂದ ಬೆಂಗಳೂರಿನತ್ತ ಹೊರಟು ಲಾರಿಯೊಂದನ್ನು ಹಿಂದೆ ಹಾಕಲು ನೋಡಿ: ಥಾರ್ ಕೆಳಗಿನ ಆರ್‌ಪಿಎಮ್‌ನಲ್ಲೇ ಎಳೆದುಕೊಂಡು ಹೋಗುತ್ತದೆ, ಜಿಮ್ನಿಯಲ್ಲಿ ಗೇರ್ ಇಳಿಸಿ, ಎಂಜಿನ್ ಕಿರುಚಿಸಿ, ಎದುರಿನ ರಸ್ತೆ ಎರಡು ಸಲ ನೋಡಬೇಕು. ನಾಲ್ಕು ಗೇರಿನ ಆಟೋಮ್ಯಾಟಿಕ್ ಇನ್ನೂ ಸೋಮಾರಿ. ಸುರಕ್ಷತೆಯಲ್ಲೂ ಥಾರ್‌ಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ನಾಲ್ಕು ನಕ್ಷತ್ರ ಸಿಕ್ಕಿದೆ. ಜಿಮ್ನಿಯ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಇವೆ ನಿಜ, ಆದರೆ ಅದರ ಮೂರು ಬಾಗಿಲಿನ ರೂಪ 2018ರಲ್ಲಿ ಯುರೋ ಎನ್‌ಕ್ಯಾಪ್‌ನಲ್ಲಿ ಮೂರು ನಕ್ಷತ್ರಕ್ಕೇ ನಿಂತಿತ್ತು.

ಶೋರೂಮಿನಲ್ಲಿ ಎಲ್ಲರೂ ಸ್ಟೀರಿಂಗ್ ಹಿಂದೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೂರಬೇಕಾದದ್ದು ಹಿಂದೆ. ಥಾರ್‌ನ ಹಿಂಬದಿಗೆ ಹೋಗಲು ಮುಂದಿನ ಸೀಟು ಮಡಚಿ ನುಸುಳಬೇಕು. ಮಂಡಿ ನೋವಿನ ಅಜ್ಜಿಗೆ ಅದು ಆಗದ ಮಾತು. ಗಟ್ಟಿ ಛಾವಣಿಯ ಥಾರ್‌ನಲ್ಲಿ ಹಿಂದಿನ ಕಿಟಕಿ ತೆರೆಯುವುದೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ಜಿಮ್ನಿಯಲ್ಲಿ ಹಿಂದೆ ಸರಿಯಾದ ಬಾಗಿಲುಗಳಿವೆ, ಗಾಜು ಇಳಿಯುತ್ತದೆ, ಸಾಮಾನಿಗೆ 208 ಲೀಟರ್ ಜಾಗವಿದೆ. ಆದರೆ ಕೂರುವವರು ನಾಲ್ವರೇ. ಐದನೆಯವರಿದ್ದರೆ 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ನೋಡಿ, ಅದರ ಬೆಲೆ, ಗಾತ್ರ ಎರಡೂ ಬೇರೆಯ ಲೆಕ್ಕ.

ನನಗೆ ಸಿಟ್ಟು ಬರುವುದು 2023ರಲ್ಲಿ ಬಂದ, ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ ಹೋಗುವ ಅಗ್ಗದ ಥಾರ್ ಕಂಡರೆ. ನೋಡುವುದಕ್ಕೆ ಅದೇ ಗಾಡಿ, ಅದೇ ಗತ್ತು. ಒದ್ದೆ ಹುಲ್ಲಿನ ಏರಿನಲ್ಲಿ ಮಾತ್ರ ಸಾಧಾರಣ ಕಾರಿನ ಪಾಡು. ನಗರದಲ್ಲಿ ಓಡಿಸುವವರು ಕೊಳ್ಳಲಿ, ತಕರಾರಿಲ್ಲ. ತೋಟ ಇರುವವರು ಎರಡು ಲಕ್ಷ ಉಳಿಯಿತೆಂದು ಅದನ್ನು ತಂದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಜಿಮ್ನಿಯಲ್ಲಿ ಈ ಗೊಂದಲ ಇಲ್ಲ: ಕೆಳದರ್ಜೆಯದಕ್ಕೂ ಫೋರ್ ವೀಲ್, ಲೋ ಗೇರ್ ಎರಡೂ ಉಂಟು.

ಇಲ್ಲಿ ರಿಯಾಯಿತಿ ಕೊಟ್ಟರೂ ಕೊಳ್ಳುವವರು ಕಡಿಮೆಯಾದ ಇದೇ ಐದು ಬಾಗಿಲಿನ ಜಿಮ್ನಿ ಭಾರತದಲ್ಲೇ ತಯಾರಾಗಿ, 2025ರ ಆರಂಭದಲ್ಲಿ ಜಪಾನಿನಲ್ಲಿ ‘ನೋಮೇಡ್’ ಹೆಸರಿನಿಂದ ಬಿಡುಗಡೆಯಾದಾಗ, ಕೆಲವೇ ದಿನಗಳಲ್ಲಿ 50,000 ಬುಕಿಂಗ್ ಬಂದು ಅಲ್ಲಿ ಹೊಸ ಆರ್ಡರ್ ನಿಲ್ಲಿಸಬೇಕಾಯಿತು. ನಮ್ಮ ಪೇಟೆ ಗಾಡಿಯ ಅಗಲವನ್ನೂ ಬಾನೆಟ್ಟಿನ ಎತ್ತರವನ್ನೂ ನೋಡಿ ದುಡ್ಡು ಕೊಡುತ್ತದೆ. ಕಿರಿದಾದ ರಸ್ತೆಗಳ ದೇಶದವರ ಎಣಿಕೆ ಬೇರೆ.

ಜಿಮ್ನಿ ತರುವುದೆಂದು ಗಟ್ಟಿಯಾದರೆ, ಒಳಗಿನ ಅಲಂಕಾರಕ್ಕೆಂದು ಡೀಲರ್ ಕೊಡುವ ಪ್ಯಾಕೇಜನ್ನು ಬಿಟ್ಟು ಆ ದುಡ್ಡನ್ನು ಟೈರಿಗೆ ಹಾಕಿ. ಕಂಪನಿಯಿಂದ ಬರುವ 15 ಇಂಚಿನ ಟೈರು ಹೆದ್ದಾರಿಗೆಂದೇ ಮಾಡಿದ್ದು; ಅದರ ಪಟ್ಟಿಗಳಲ್ಲಿ ಕೆಸರು ತುಂಬಿಕೊಂಡರೆ ಫೋರ್ ವೀಲ್ ಹಾಕಿದರೂ ನಾಲ್ಕು ಚಕ್ರಗಳೂ ಒಟ್ಟಿಗೆ ಜಾರುತ್ತವೆ. ಅದೇ ಅಳತೆಯ ಆಲ್ ಟೆರೇನ್ ಟೈರು ಸಿಗುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಹಾಕಿಸಿಕೊಳ್ಳಿ.