ಮನೆಯಲ್ಲಿ ಕತ್ತರಿಸಿದ ಕೊಡೆಲಂಗ

ರೇಖಾಗಣಿತವು ಇಷ್ಟು ನಿರಾಡಂಬರವಾಗಿ, ಆದರೂ ಇಷ್ಟು ಶೋಭಾಯಮಾನವಾಗಿ ಪ್ರಕಟವಾಗುವ ಉಡುಪು ಕೊಡೆಲಂಗದ ಹೊರತು ಮತ್ತೊಂದಿರಲಾರದೆಂದು ನನ್ನ ಎಣಿಕೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ನಾಲ್ಕು ಮಡಿಕೆ ಮಾಡಿ, ಮಡಿಕೆಗಳು ಕೂಡುವ ಮೂಲೆಯಲ್ಲಿ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಸೊಂಟದ ಸುತ್ತಳತೆಯ ಆರನೆಯ ಒಂದು ಪಾಲಿಗಿಂತ ತುಸು ಕಡಮೆಯಾದ, ಎಂದರೆ ೨೪ ಅಂಗುಲದ ಸೊಂಟಕ್ಕೆ ೪ ಅಂಗುಲಕ್ಕೆ ಕೊಂಚ ಒಳಗಾದ ತ್ರಿಜ್ಯದಲ್ಲಿ ಪೆನ್ಸಿಲನ್ನು ತಿರುಗಿಸಿದರೆ ಸೊಂಟದ ಗೆರೆ ಸಿದ್ಧ. ಆ ತ್ರಿಜ್ಯಕ್ಕೆ ಲಂಗದ ಉದ್ದವನ್ನು ಕೂಡಿಸಿ ಅದೇ ಮೂಲೆಯಿಂದ ಎಳೆದ ಎರಡನೆಯ ಕಂಸವೇ ಅಂಚು. ಸೊಂಟದ ಗೆರೆಯನ್ನು ಇನ್ನೂ ಕಿರಿದಾಗಿ ಕತ್ತರಿಸುವುದೇ ವಿವೇಕ. ಹಿಗ್ಗಿಸುವುದು ಕತ್ತರಿಗೆ ಸಾಧ್ಯ, ಕುಗ್ಗಿಸುವುದು ಬ್ರಹ್ಮನಿಗೂ ಅಸಾಧ್ಯ.

ಬಟ್ಟೆಯ ವಿಷಯದಲ್ಲಿ ಮಾತ್ರ ಈ ಲಂಗ ದುಂದುಗಾರ್ತಿ: ೨೪ ಅಂಗುಲ ಉದ್ದಕ್ಕೆ, ೩೬ ಅಂಗುಲ ಪನ್ನದ ಅರಿವೆಯಲ್ಲಿ ಎರಡು ಅರ್ಧವೃತ್ತಗಳನ್ನು ತೆಗೆಯಲು ೩ ಗಜಕ್ಕೂ ಮಿಕ್ಕು ಬೇಕು.

ಹಾಸುಹೊಕ್ಕಿನ ಎಳೆಗಳು ವೃತ್ತದಲ್ಲಿ ಕೆಲವೆಡೆ ನೆಟ್ಟಗೆ, ಕೆಲವೆಡೆ ಓರೆಯಾಗಿ ಇಳಿಯುವುದರಿಂದ, ಓರೆಯ ಭಾಗಗಳು ತಮ್ಮ ಭಾರಕ್ಕೆ ತಾವೇ ಜೋತು, ಸಮವಾಗಿ ಕತ್ತರಿಸಿದ ಅಂಚೂ ಏರುಪೇರಾಗುತ್ತದೆ. ಆದಕಾರಣ ಸೊಂಟಪಟ್ಟಿಯನ್ನು ಹೊಲಿದಾದ ಮೇಲೆ ಲಂಗವನ್ನು ಒಂದು ರಾತ್ರಿ ತೂಗುಹಾಕಿ, ಮರುದಿನ ಉಡುವವಳನ್ನು ನಿಲ್ಲಿಸಿ, ನೆಲದಿಂದ ಮೇಲಕ್ಕೆ ಅಳೆದು ಚಾಕಿನ ಗುರುತು ಹಾಕಬೇಕು. ಇಂಥ ತಾಳ್ಮೆಯನ್ನು ಅಂಗಡಿಯ ಸಿದ್ಧ ಉಡುಪಿನಿಂದ ನಿರೀಕ್ಷಿಸುವಂತಿಲ್ಲ. ಅಂಚಿನ ಮಡಿಕೆಯೂ ಕಿರಿದಾಗಿಯೇ ಇರತಕ್ಕದ್ದು. ಅಗಲವಾಗಿ ಮಡಿಚಿದರೆ, ಹೊರಸುತ್ತು ಒಳಸುತ್ತಿಗಿಂತ ಹಿರಿದಾದ ಕಾರಣ, ಬಟ್ಟೆ ಅಲ್ಲಲ್ಲಿ ಸುಕ್ಕುಗಟ್ಟಿ ಇಸ್ತ್ರಿಗೂ ಬಗ್ಗದು.