ಶಾರೀರಕ್ಕಿಂತ ಮೊದಲು ಶರೀರ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರ ಮಾತಿನಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ: ಟೋನ್ ಮತ್ತು ಫೀಲ್. ಮೊದಲನೆಯದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಬೆಚ್ಚಗಿನ ಟೋನ್, ಗಾಜಿನಂಥ ಟೋನ್, ಕೆನೆಯಂಥ ಟೋನ್ ಎಂದು ವಿಶೇಷಣಗಳ ಮೆರವಣಿಗೆಯೇ ಹೊರಡುತ್ತದೆ. ಫೀಲ್ ವಿಷಯಕ್ಕೆ ಬಂದಾಗ 'ಕೈಗೆ ಚೆನ್ನಾಗಿ ಕೂರುತ್ತದೆ' ಎಂಬ ಒಂದು ವಾಕ್ಯ, ಮುಗಿಯಿತು. ಹೊಸ ಗಿಟಾರ್ ಆರಿಸುವವರ ಮಟ್ಟಿಗೆ ಈ ತಕ್ಕಡಿ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಹೀಗಾಗಲು ಕಾರಣವಿದೆ. ಟೋನ್ ವಿಡಿಯೋದಲ್ಲಿ ದಾಟಿ ಬರುತ್ತದೆ, ಫೀಲ್ ಬರುವುದಿಲ್ಲ. ತೋರಿಸಲು ಸಾಧ್ಯವಿರುವುದರ ಬಗ್ಗೆಯೇ ವಿಮರ್ಶಕರು ಮಾತಾಡುತ್ತಾರೆ. ಆದರೆ ಹಾಗೆ ದಾಟಿ ಬರುವ ಟೋನ್ ಯಾವುದು? ಅವರ ಆಂಪ್ಲಿಫೈಯರ್, ಅವರ ಮೈಕು, ಅವರ ಕೋಣೆ, ವಿಡಿಯೋದ ಕಂಪ್ರೆಷನ್, ಕೊನೆಗೆ ಲೋಕಲ್ ಟ್ರೇನಿನಲ್ಲಿ ನೇತಾಡುತ್ತಿರುವ ನಿಮ್ಮ ಕಿವಿಯೊಳಗಿನ ಇಯರ್‌ಫೋನು. ಇಷ್ಟನ್ನೂ ಕೇಳಿ ಗಿಟಾರ್ ಕೇಳಿದೆವು ಅಂದುಕೊಳ್ಳುತ್ತೇವೆ.

ಎಲೆಕ್ಟ್ರಿಕ್ ಗಿಟಾರಿನ ಸದ್ದು ಹುಟ್ಟುವ ಬಗೆಯನ್ನು ಒಮ್ಮೆ ನೋಡೋಣ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಅದರ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಈ ಸರಪಳಿಯಲ್ಲಿ ಸ್ಪೀಕರ್ ಬದಲಿಸಿ ನೋಡಿ, ಸಂಗೀತ ಗೊತ್ತಿಲ್ಲದವರಿಗೂ ವ್ಯತ್ಯಾಸ ಕೇಳುತ್ತದೆ. ಅದೇ ದೇಹದ ಮರ ಬದಲಾದಾಗ ವ್ಯತ್ಯಾಸ ಕೇಳಿತೋ ಇಲ್ಲವೋ ಎಂದು ಗಂಟೆಗಟ್ಟಲೆ ಜಗಳವಾಡಬೇಕಾಗುತ್ತದೆ. ಅಷ್ಟು ಜಗಳ ಬೇಡುವ ಗುಣಕ್ಕೆ ತಿಂಗಳ ಸಂಬಳ ಸುರಿಯಬೇಕೇ?

ಸದ್ದಿನಲ್ಲಿ ಒಂದು ಆಯ್ಕೆ ಮಾತ್ರ ಮೊದಲೇ ಆಗಬೇಕು: ಸಿಂಗಲ್ ಕಾಯಿಲ್ ಬೇಕೋ, ಹಂಬಕರ್ ಬೇಕೋ. ಒಂದೇ ಸುರುಳಿಯ ಪಿಕಪ್ಪಿನದು ಚುರುಕಾದ, ಅಂಚು ಸ್ಪಷ್ಟವಾದ ಸದ್ದು. ಆದರೆ ಅದು ಆಂಟೆನಾದಂತೆ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಎರಡು ಸುರುಳಿಗಳಿವೆ. ಅವುಗಳ ಸುತ್ತೂ ಅಯಸ್ಕಾಂತದ ಧ್ರುವವೂ ಒಂದಕ್ಕೊಂದು ವಿರುದ್ಧವಾಗಿರುವುದರಿಂದ ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಗುಂಯ್‌ಕಾರ ಕಳೆದುಹೋಗುತ್ತದೆ. ಸದ್ದು ದಪ್ಪಗಾಗುತ್ತದೆ, ತುಸು ಮಂಕೂ ಆಗುತ್ತದೆ. ಇವೆರಡು ಬೇರೆ ಬೇರೆ ಕುಲಗಳು. ನಿಮ್ಮ ಕಿವಿ ಯಾವ ಕುಲದ ಕಡೆ ವಾಲುತ್ತದೆಂದು ತಿಳಿದ ಮೇಲೆ ಉಳಿದ ತೀರ್ಮಾನವನ್ನು ಕೈಗೆ ಬಿಡಬೇಕು.

ಕೈಗೇ ಏಕೆಂದರೆ, ಗಿಟಾರಿನಲ್ಲಿ ಬದಲಿಸಬಹುದಾದ್ದು ಯಾವುದು, ಬದಲಿಸಲಾಗದ್ದು ಯಾವುದು ಎಂದು ಪಟ್ಟಿ ಮಾಡಿದರೆ ಟೋನಿನ ಬಹುಪಾಲು ಮೊದಲ ಪಟ್ಟಿಗೆ ಸೇರುತ್ತದೆ. ಪಿಕಪ್, ಅದರ ಎತ್ತರ, ತಂತಿಯ ದಪ್ಪ, ಆಂಪ್, ಪೆಡಲ್ ಎಲ್ಲವನ್ನೂ ಮುಂದಿನ ವರ್ಷ ಬದಲಿಸಬಹುದು. ನೆಕ್‌ನ ದಪ್ಪ, ಬೆರಳು ಹಲಗೆಯ ಉಬ್ಬು, ತಂತಿಯ ಉದ್ದ, ತೂಕ, ತೋಳು ಒರಗುವ ಅಂಚು ಇವೆಲ್ಲ ಕೊಂಡ ದಿನ ಹೇಗಿದ್ದವೋ ಹಾಗೆಯೇ ಇರುತ್ತವೆ. ನೆಕ್ಕನ್ನೇ ಬದಲಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಬೋಲ್ಟ್ ಹಾಕಿ ಕೂರಿಸಿದ ಗಿಟಾರಿನಲ್ಲಿ ಅದು ಸಾಧ್ಯ, ಆದರೆ ಆಗ ಅರ್ಧ ಗಿಟಾರನ್ನೇ ಹೊಸದಾಗಿ ಕೊಂಡಂತಾಯಿತು.

ಇದನ್ನು ಎರಡು ಹಳೆಯ ಮಾದರಿಗಳ ಮೇಲೆ ಪರೀಕ್ಷಿಸಬಹುದು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಪಡೆದ ಫೆಂಡರ್ ಗಿಟಾರು ಮತ್ತು 1952ರಲ್ಲಿ ಬಂದ ಗಿಬ್ಸನ್ ಲೆಸ್ ಪಾಲ್. ಲಿಯೋ ಫೆಂಡರ್ ರೇಡಿಯೋ ರಿಪೇರಿಯಿಂದ ಬಂದವನು, ಸ್ವತಃ ಗಿಟಾರ್ ನುಡಿಸುತ್ತಿರಲಿಲ್ಲ. ಅವನ ಗಿಟಾರು ಬಿಚ್ಚಿ ಜೋಡಿಸಬಹುದಾದ ಯಂತ್ರ. ಲೆಸ್ ಪಾಲ್ ಹಳೆಯ ಪಿಟೀಲು, ಮ್ಯಾಂಡೊಲಿನ್‌ಗಳ ಮನೆತನದ್ದು: ಅಂಟಿಸಿ ಕೂರಿಸಿದ ನೆಕ್, ಮಹಾಗನಿಯ ಮೇಲೆ ಕೆತ್ತಿದ ಮೇಪಲ್ ಹೊದಿಕೆ. ಮಾತೆಲ್ಲ ಇವೆರಡರ ಸದ್ದಿನ ಬಗ್ಗೆ. ಕೈಗೆ ಮೊದಲು ತಿಳಿಯುವುದು ಬೇರೆಯೇ. ಫೆಂಡರ್‌ನ ತಂತಿ ಸೇತುವೆಯಿಂದ ನಟ್‌ವರೆಗೆ 648 ಮಿ.ಮೀ., ಗಿಬ್ಸನ್‌ನದು ಸುಮಾರು 628. ಅದೇ ತಂತಿಯನ್ನು ಅದೇ ಸ್ವರಕ್ಕೆ ಕೂಡಿಸಿದರೆ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ, ಅಂದರೆ ಫೆಂಡರ್‌ನಲ್ಲಿ ಶೇಕಡಾ 6ರಷ್ಟು ಹೆಚ್ಚು. ಕಾಗದದಲ್ಲಿ ಇದು ಚಿಕ್ಕ ಅಂಕಿ. ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರ ಮೇಲೇರಿಸುವಾಗ ಉಂಗುರಬೆರಳಿಗೆ ಚಿಕ್ಕದಲ್ಲ.

ಬೆರಳು ಹಲಗೆಯ ಉಬ್ಬಿನದೂ ಇದೇ ಕಥೆ. ಹಳೆಯ ಫೆಂಡರ್‌ಗಳಲ್ಲಿ ಅದರ ತ್ರಿಜ್ಯ 184 ಮಿ.ಮೀ., ಹಾಗಾಗಿ ಉಬ್ಬು ಹೆಚ್ಚು. ಕಾರ್ಡ್ ಹಿಡಿಯಲು ಹಿತ. ಆದರೆ ತಂತಿಗಳ ಎತ್ತರ ತೀರಾ ಕಡಿಮೆಯಿದ್ದರೆ, ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದಾಗ ಅದು ಮುಂದಿನ ಫ್ರೆಟ್‌ಗೆ ತಗುಲಿ ಸ್ವರ ಸತ್ತುಹೋಗುತ್ತದೆ. ಗಿಬ್ಸನ್‌ನಲ್ಲಿ ಅದು 305 ಮಿ.ಮೀ., ಹೆಚ್ಚು ಚಪ್ಪಟೆ. ಎಳೆತ ಸಲೀಸು. ಆದರೆ ಲೆಸ್ ಪಾಲ್ 4 ಕಿಲೋ ದಾಟುವುದು ಸಾಮಾನ್ಯ, ನಿಂತು ನುಡಿಸುವವರ ಎಡಭುಜಕ್ಕೆ ಅದು ತಿಳಿಯುತ್ತದೆ. ಟೆಲಿಕಾಸ್ಟರ್‌ನ ಚೌಕ ಅಂಚು ಮುಂದೋಳಿಗೆ ಒತ್ತುತ್ತದೆ. 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ತೋಳಿಗೂ ಹೊಟ್ಟೆಗೂ ಅಂಚು ಸವರಿದ್ದು ನುಡಿಸುವವರ ದೂರು ಕೇಳಿಯೇ.

ಕೈಯ ಅಗತ್ಯಕ್ಕೆ ವಾದ್ಯವನ್ನೇ ಬದಲಿಸಿದ ಉದಾಹರಣೆ ನಮ್ಮ ಹತ್ತಿರವೇ ಇದೆ. ಯು. ಶ್ರೀನಿವಾಸ್ ಕರ್ನಾಟಕ ಸಂಗೀತಕ್ಕೆ ತಂದದ್ದು ಜೋಡಿ ತಂತಿಗಳ ಮಾಮೂಲಿ ಮ್ಯಾಂಡೊಲಿನ್ನನ್ನಲ್ಲ, 5 ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ನನ್ನು. ಜೋಡಿ ತಂತಿಯನ್ನು ಒಟ್ಟಿಗೆ ಎಳೆದು ಗಮಕ ತೆಗೆಯುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು. ನಾವು ಮೆಚ್ಚಿದ ಆ ನಾದ ಬೆರಳಿನ ಅನುಕೂಲದಿಂದ ಹೊರಟದ್ದು. ಹಾಡುವವರ ಕಂಠದ ಗುಣಕ್ಕೆ ಕನ್ನಡದಲ್ಲಿ 'ಶಾರೀರ' ಎನ್ನುತ್ತೇವೆ, ಶರೀರಕ್ಕೆ ಸೇರಿದ್ದು ಎಂದು. ಗಿಟಾರಿಗೂ ಈ ಮಾತು ಸಲ್ಲುತ್ತದೆ. ಪಿಕ್ಕನ್ನು ಸೇತುವೆಯ ಹತ್ತಿರ ಮೀಟಿದರೆ ಸದ್ದು ಮೊನಚು, ನೆಕ್ಕಿನ ಕಡೆ ಮೀಟಿದರೆ ದುಂಡು. ಹಗುರವಾಗಿ ಹಿಡಿದ ಕೈ ಈ ಎರಡರ ನಡುವೆ ಓಡಾಡುತ್ತದೆ. ನೋಯುವ ಕೈ ಒಂದೇ ಕಡೆ ಬಿಗಿದು ನಿಲ್ಲುತ್ತದೆ. ಆಮೇಲೆ ಟೋನ್ ಸರಿಯಿಲ್ಲವೆಂದು ನಾವು ಪೆಡಲ್ ಕೊಳ್ಳುತ್ತೇವೆ.

ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟಿದ ಮಣಿಕಟ್ಟು, ರಾತ್ರಿ ಹತ್ತರ ಮೇಲೆ ಸಿಗುವ ಮುಕ್ಕಾಲು ಗಂಟೆ, ಪಕ್ಕದ ಮನೆಯವರಿಗೆ ಕೇಳಬಾರದೆಂದು ಹೆಡ್‌ಫೋನು. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಗಿಟಾರ್ ಒಂದು ಮೂಲೆಯನ್ನೇ ಕೇಳುತ್ತದೆ. ಕೈಗೆ ಹಿತವಾದದ್ದನ್ನು ದಣಿದ ದಿನವೂ ಎತ್ತಿಕೊಳ್ಳುತ್ತೇವೆ. ಸದ್ದು ಮಾತ್ರ ಚೆನ್ನಾಗಿರುವುದು ಮೂರನೇ ತಿಂಗಳಿಗೆ ಗೋಡೆಯ ಅಲಂಕಾರವಾಗುತ್ತದೆ. ಸಹೋದ್ಯೋಗಿಗಳ ಮನೆಗಳಲ್ಲಿ ಇಂಥ ಅಲಂಕಾರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಅಂಗಡಿಯಲ್ಲಿ ಆಂಪ್‌ಗೆ ಸಿಕ್ಕಿಸುವ ಮೊದಲು ಹತ್ತು ನಿಮಿಷ ಬರಿದೇ ನುಡಿಸಿ. ಅಂಗೈಯನ್ನು ನೆಕ್ಕಿನ ಅಂಚಿನುದ್ದಕ್ಕೂ ಜಾರಿಸಿ, ಫ್ರೆಟ್ ತುದಿಗಳು ಚುಚ್ಚುತ್ತವೆಯೇ ನೋಡಿ. ದೆಹಲಿಯ ಒಣ ಚಳಿಗೆ ಮರ ಕುಗ್ಗಿ ಈ ತುದಿಗಳು ಹೊರಬರುತ್ತವೆ. ಮುಂಬೈಯ ಮಳೆಗಾಲಕ್ಕೆ ನೆಕ್ ಬಾಗಿದ್ದರೆ ಹೆದರಬೇಡಿ, ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು. ತೋರುಬೆರಳನ್ನು ಅಡ್ಡ ಮಲಗಿಸಿ ಎಫ್ ಕಾರ್ಡ್ ಹಿಡಿಯಿರಿ. ಪ್ರತಿ ಫ್ರೆಟ್ಟನ್ನೂ ಒತ್ತಿ ಝರ್ ಎನ್ನುವುದೇ ಕೇಳಿ. ಕೂತು ನುಡಿಸಿ, ಬೆಲ್ಟ್ ಹಾಕಿ ನಿಂತೂ ನುಡಿಸಿ. ಆಂಪ್ ಹಾಕಿದ ಮೇಲೆ ಡಿಸ್ಟಾರ್ಷನ್ ಬೇಡ, ಅದು ಎಲ್ಲ ಗಿಟಾರುಗಳ ತಪ್ಪನ್ನೂ ಮುಚ್ಚಿಹಾಕುತ್ತದೆ.

ಧೋಬಿ ತಲಾವ್ ಕಡೆಯ ವಾದ್ಯದಂಗಡಿಗಳಲ್ಲಿ ಎರಡು ಶನಿವಾರ ಹೀಗೆ ಕಳೆದು ನಾನು ಆರಿಸಿದ್ದು 628 ಮಿ.ಮೀ. ಅಳತೆಯ, ಲೆಸ್ ಪಾಲ್‌ಗಿಂತ ಹಗುರಾದ, ಹಂಬಕರ್ ಇರುವ, ಹೆಸರು ಹೇಳಿದರೆ ಯಾರೂ ಹುಬ್ಬೇರಿಸದ ಒಂದು ಗಿಟಾರು. ಪಕ್ಕದಲ್ಲಿದ್ದ ಟೆಲಿಕಾಸ್ಟರ್‌ನ ಸದ್ದು ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗಿತ್ತು, ಈಗಲೂ ಇಷ್ಟ. ಆದರೆ ಇಪ್ಪತ್ತು ನಿಮಿಷದ ನಂತರವೂ ನೋಯದೆ ಉಳಿದ ಮಣಿಕಟ್ಟು ಇದರದ್ದು. ಪಿಕಪ್ ಬೇಕಾದರೆ ಮುಂದೆ ಬದಲಿಸುತ್ತೇನೆ.