ಅಂಗರಾಗ: ಅರಸನ ಪಟ್ಟಿ, ಆಚಾರ್ಯರ ಪಟ್ಟಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ‘ಮಾನಸೋಲ್ಲಾಸ’ವು ಸಂಸ್ಕೃತದಲ್ಲಿದ್ದರೂ ಕನ್ನಡ ನಾಡಿನ ಬದುಕನ್ನು ಹೇಳುವ ಗ್ರಂಥ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಕೃತಿಯ ಮೂರನೆಯ ಭಾಗಕ್ಕೆ ಉಪಭೋಗ ವಿಂಶತಿ ಎಂದು ಹೆಸರು. ಮನೆ, ಸ್ನಾನ, ಪಾದುಕೆ, ತಾಂಬೂಲ, ವಿಲೇಪನ, ವಸ್ತ್ರ, ಮಾಲೆ, ಆಭರಣ, ಅನ್ನ, ಪಾನೀಯ, ವಾಹನ, ಶಯ್ಯೆ, ಧೂಪ ಮೊದಲಾಗಿ ಅರಸನಾದವನು ಅನುಭವಿಸತಕ್ಕ ಸುಖಗಳು ಅಲ್ಲಿ ಒಂದೊಂದಾಗಿ ನಿರೂಪಿತವಾಗಿವೆ. ವಿಲೇಪನದ ಅಧ್ಯಾಯವು ಗಂಧವನ್ನು ಆರಿಸುವ, ಪೂಸಿಕೊಳ್ಳುವ ಕಲೆಗೆ ಮೀಸಲಾದುದು. ಋತು ಬದಲಾದಂತೆ ಲೇಪನವೂ ಬದಲಾಗಬೇಕೆಂಬುದು ಅದರ ನಿಲುವು. ಶ್ರೀಗಂಧ, ಕೇಸರಿ, ಕರ್ಪೂರ, ಕಸ್ತೂರಿಗಳು ಒಂದೇ ಪಂಕ್ತಿಯಲ್ಲಿ ಕುಳಿತು ಅರಸನ ಮೈಯನ್ನು ಸೇರುತ್ತವೆ.

ಇದಕ್ಕೆ ಎಷ್ಟೋ ಶತಮಾನಗಳ ಮೊದಲೇ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ ಒಂದು ಪಟ್ಟಿಯನ್ನು ಕೊಟ್ಟಿದ್ದಾರೆ. ಭೋಜನ, ವಾಹನ, ಶಯನ, ಸ್ನಾನ, ಪವಿತ್ರವಾದ ಅಂಗರಾಗ, ಹೂ, ತಾಂಬೂಲ, ವಸ್ತ್ರ, ಭೂಷಣ, ಮನ್ಮಥಸುಖ, ಸಂಗೀತ, ಗೀತ ಎಂಬ ಹನ್ನೆರಡು ವಿಷಯಗಳು ಅದರಲ್ಲಿವೆ. ಇವೆರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ರೂಢಿ ನಮ್ಮ ಸ್ವಾಧ್ಯಾಯ ಮಂಡಲಿಗಳಲ್ಲಿ ಇಲ್ಲದಿರುವುದು ವಿಷಾದದ ಸಂಗತಿ. ಇಟ್ಟು ನೋಡಿದರೆ ಆಚಾರ್ಯರು ಹೇಳಿದ ಹತ್ತು ವಿಷಯಗಳು ಸೋಮೇಶ್ವರನ ಉಪಭೋಗ ವಿಂಶತಿಯಲ್ಲಿಯೇ ದೊರೆಯುತ್ತವೆ. ಉಳಿದ ಸಂಗೀತ, ಗೀತಗಳು ಅದರ ಮುಂದಿನ ವಿನೋದ ವಿಂಶತಿಯಲ್ಲಿ ಬರುತ್ತವೆ. ಒಂದೂ ತಪ್ಪಿಲ್ಲ. ಅರಸನು ‘ಹೀಗೆ ಅನುಭವಿಸು’ ಎಂದು ಬರೆದುದನ್ನೇ ಆಚಾರ್ಯರು ‘ಇಷ್ಟಕ್ಕೆ ನಿಲ್ಲಿಸು’ ಎಂದು ಮೊದಲೇ ಬರೆದಿದ್ದರು.

ಈ ಸಾಮ್ಯದಿಂದ ತಿಳಿಯಬೇಕಾದ ಮುಖ್ಯ ಅಂಶವೊಂದಿದೆ. ಸಮಂತಭದ್ರರ ಪಟ್ಟಿ ಪಾಪಗಳ ಪಟ್ಟಿಯಲ್ಲ. ಸಂಪನ್ನ ಗೃಹಸ್ಥನ ದಿನಚರಿಯ ಪಟ್ಟಿ ಅದು. ಊಟ, ಸ್ನಾನ, ಬಟ್ಟೆಗಳ ಸಾಲಿನಲ್ಲಿಯೇ ಅಂಗರಾಗವೂ ನಿಂತಿದೆ. ಇವುಗಳಿಗೆ ಅವರು ವಿಧಿಸುವುದು ಕಾಲದ ಮಿತಿಯನ್ನು: ಇಂದು, ಹಗಲು, ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಎಂದು ಅವಧಿಯನ್ನು ನಿಶ್ಚಯಿಸಿ ಬಿಡುವುದು ನಿಯಮ, ಬದುಕಿರುವವರೆಗೂ ಬಿಡುವುದು ಯಮ. ಸುಗಂಧವೆಂದೊಡನೆ ‘ಅದು ರಾಗ, ಆದುದರಿಂದ ತ್ಯಾಜ್ಯ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಉಪನ್ಯಾಸಗಳು ಮುನಿಧರ್ಮವನ್ನು ಶ್ರಾವಕನ ಮೇಲೆ ಹೊರಿಸುತ್ತವೆ. ಅಸ್ನಾನವೇ ಮೂಲಗುಣವಾಗಿರುವ ದಿಗಂಬರ ಮುನಿಗೆ ಗಂಧದ ಪ್ರಶ್ನೆಯೇ ಏಳುವುದಿಲ್ಲ. ಮದುವೆಯ ಮನೆಗೆ ಹೊರಟು ನಿಂತ ಗೃಹಿಣಿಗೆ ಏಳುತ್ತದೆ. ಆಕೆಗೆ ಬೇಕಾದುದು ಆಯ್ಕೆಯ ಮಾನದಂಡ. ನಿಷೇಧದಿಂದ ಆಕೆಗೆ ಪ್ರಯೋಜನವಿಲ್ಲ.

ಪೂಜ್ಯಪಾದಾಚಾರ್ಯರ ‘ಸರ್ವಾರ್ಥಸಿದ್ಧಿ’ಯಲ್ಲಿ ಈ ವಿಷಯಕ್ಕೆ ಇನ್ನೊಂದು ಸೂಕ್ಷ್ಮವಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಒಂದು ಬಗೆ, ಮತ್ತೆ ಮತ್ತೆ ಬಳಸಬಹುದಾದುದು ಇನ್ನೊಂದು ಬಗೆ. (ಮೊದಲನೆಯದನ್ನು ಸಮಂತಭದ್ರರು ಭೋಗವೆಂದೂ ಪೂಜ್ಯಪಾದರು ಉಪಭೋಗವೆಂದೂ ಕರೆದಿರುವುದರಿಂದ ಓದುಗರಿಗೆ ಗೊಂದಲವಾಗುವುದುಂಟು, ಅರ್ಥದಲ್ಲಿ ಭೇದವಿಲ್ಲ.) ಪೂಜ್ಯಪಾದರು ಗಂಧ ಮಾಲ್ಯಗಳನ್ನು ಅನ್ನ ಪಾನಗಳ ಜೊತೆಗೆ ಮೊದಲನೆಯ ಬಗೆಯಲ್ಲಿ ಇಟ್ಟಿದ್ದಾರೆ, ವಸ್ತ್ರ, ಆಭರಣ, ಮನೆ, ವಾಹನಗಳನ್ನು ಎರಡನೆಯದರಲ್ಲಿ. ಒಡವೆಯು ತಾಯಿಯಿಂದ ಮಗಳಿಗೆ ದಾಟುತ್ತದೆ. ಪೂಸಿದ ಗಂಧ ಸಂಜೆಯೊಳಗೆ ಇಲ್ಲವಾಗುತ್ತದೆ. ಅಷ್ಟು ಅಲ್ಪಕಾಲದ ಫಲಕ್ಕಾಗಿ ಎಷ್ಟು ಹಾನಿಯನ್ನು ಒಪ್ಪಿಕೊಳ್ಳಬಹುದು ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಅದಕ್ಕೆ ಉತ್ತರವೂ ಅದೇ ಗ್ರಂಥಗಳಲ್ಲಿದೆ. ಸಮಂತಭದ್ರರು ‘ಪವಿತ್ರ’ ಎಂಬ ವಿಶೇಷಣವನ್ನು ಅಂಗರಾಗಕ್ಕೆ ಸೇರಿಸಿರುವುದು ನಿಜವಾದರೂ, ಆ ಒಂದು ಪದದ ಮೇಲೆ ಹೆಚ್ಚು ಭಾರವನ್ನು ಹೊರಿಸಬೇಕಾಗಿಲ್ಲ. ಕೆಲವೇ ಶ್ಲೋಕಗಳ ಹಿಂದೆ ಅವರು ಅಲ್ಪಫಲ ಮತ್ತು ಬಹುವಿಘಾತ ಎಂಬ ಅಳತೆಯನ್ನು ಕೊಟ್ಟಿದ್ದಾರೆ: ದೊರೆಯುವ ಫಲ ಸ್ವಲ್ಪ, ಆಗುವ ಜೀವಘಾತ ಬಹಳ ಎಂದಾದರೆ ಅದನ್ನು ಬಿಡಬೇಕು. ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂಗಳೊಡನೆ ಅಲ್ಲಿ ಕೇದಗೆಯನ್ನೂ ಹೆಸರಿಸಲಾಗಿದೆ. ಪೂಜ್ಯಪಾದರೂ ಕೇದಗೆಯನ್ನು ಅನೇಕ ಜೀವಿಗಳ ಉತ್ಪತ್ತಿಸ್ಥಾನವೆಂದು ಇದೇ ಕಾರಣಕ್ಕೆ ನಿರಾಕರಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳು ಜಡೆಯಲ್ಲಿ ಹೆಣೆದು ಮುಡಿದ, ಸೀರೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ, ಪರಿಮಳಕ್ಕಾಗಿಯೇ ಹೆಸರಾದ ಹೂ ಅದು. ಅದರ ಎಸಳಿನ ಸಂದಿಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳನ್ನು ನೆನೆದು ಆಚಾರ್ಯರು ಬೇಡವೆಂದರು. ಹಾಗಿರುವಾಗ ಕಸ್ತೂರಿಯ ವಿಷಯದಲ್ಲಿ ಏನನ್ನು ಹೇಳಬೇಕಾಗುತ್ತದೆ?

ಕಸ್ತೂರಿಯು ಗಂಡು ಕಸ್ತೂರಿಮೃಗದ ಹೊಟ್ಟೆಯ ಕೆಳಗಿನ ಗ್ರಂಥಿಯಿಂದ ಬರುವಂಥದು. ಒಂದು ಗ್ರಂಥಿಯಲ್ಲಿ ದೊರೆಯುವುದು ಸುಮಾರು 25 ಗ್ರಾಂ ಮಾತ್ರ. ಅದಕ್ಕಾಗಿ ಹಿಮಾಲಯದ ಕಾಡುಗಳಲ್ಲಿ ಒಡ್ಡುವ ಉರುಳಿಗೆ ಗಂಡು, ಹೆಣ್ಣು, ಮರಿ ಎಂಬ ಭೇದವಿಲ್ಲ; ಬಿದ್ದುದೆಲ್ಲ ಸಾಯುತ್ತದೆ. ಪುನುಗಿನ ಕಥೆ ಬೇರೆ ರೀತಿಯದು. ಪುನುಗು ಬೆಕ್ಕನ್ನು ಬೋನಿನಲ್ಲಿ ಕೂಡಿಹಾಕಿ ಅದರ ಗ್ರಂಥಿಯ ಸ್ರಾವವನ್ನು ಮತ್ತೆ ಮತ್ತೆ ಕೆರೆದು ತೆಗೆಯುತ್ತಾರೆ. ಸಾವು ಕೂಡಲೇ ಬರುವುದಿಲ್ಲವೆಂಬ ಸಮಾಧಾನವನ್ನು ಅಹಿಂಸಾಣುವ್ರತ ಒಪ್ಪುವುದಿಲ್ಲ. ಬಂಧ ಮತ್ತು ಪೀಡನಗಳೂ ಅದರ ಅತಿಚಾರಗಳೇ.

ಗಂಧಶಾಸ್ತ್ರದ ಪರಂಪರೆಯನ್ನು ವಿಮರ್ಶಿಸಬೇಕಾದುದು ಈ ನೆಲೆಯಲ್ಲಿ. ಕನ್ನಡದಲ್ಲಿ ಆ ಪರಂಪರೆಗೆ ಸಾಕ್ಷಿಯಾಗಿ 1025ರ ಸುಮಾರಿನ ‘ಲೋಕೋಪಕಾರ’ವಿದೆ. ಅದನ್ನು ಬರೆದ ಇಮ್ಮಡಿ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು. ಅಂತರ್ಜಲ, ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಅವನು ಒಂದು ಅಧ್ಯಾಯವನ್ನು ಕೊಟ್ಟಿದ್ದಾನೆ. ಜನರ ನಿತ್ಯೋಪಯೋಗಕ್ಕೆಂದು ದೇಸಿ ಭಾಷೆಯಲ್ಲಿ ಬರೆದ ಅವನ ಧೋರಣೆ ಅರಮನೆಯ ಸೋಮೇಶ್ವರನ ಧೋರಣೆಗಿಂತ ಹೆಚ್ಚು ಆಪ್ತವಾದುದು. ಗಂಗಾಧರನ ಸಂಸ್ಕೃತ ‘ಗಂಧಸಾರ’ವಂತೂ ದ್ರವ್ಯಗಳನ್ನು ಎಲೆ, ಹೂ, ಹಣ್ಣು, ತೊಗಟೆ, ಕಾಷ್ಠ, ಬೇರು, ಅಂಟು ಎಂದು ವಿಂಗಡಿಸಿ ಪ್ರಾಣಿಜನ್ಯವಾದವುಗಳಿಗೆ ಬೇರೆಯೇ ವರ್ಗವನ್ನು ಮಾಡಿದೆ. ಅಂದರೆ ಕಸ್ತೂರಿಯು ಪ್ರಾಣಿಯಿಂದ ಬರುತ್ತದೆಂಬ ಅರಿವು ಶಾಸ್ತ್ರಕಾರರಿಗೆ ಸ್ಪಷ್ಟವಾಗಿತ್ತು. ಆದರೆ ಆ ವಿಂಗಡಣೆ ಮಿಶ್ರಣದ ಅನುಕೂಲಕ್ಕಾಗಿ ನಡೆಯಿತೇ ಹೊರತು ಸಂಕೋಚವನ್ನು ಹುಟ್ಟಿಸಲಿಲ್ಲ. ಮಾನಸೋಲ್ಲಾಸದ ಲೇಪನಗಳಲ್ಲಿ ಕೇಸರಿಯ ಹೂವಿಗೂ ಮೃಗದ ಗ್ರಂಥಿಗೂ ಅಂತರವೇ ಇಲ್ಲ. ರಸಿಕತೆಯಲ್ಲಿ ಆ ಗ್ರಂಥ ಎಷ್ಟು ಸೂಕ್ಷ್ಮವೋ ಈ ಒಂದು ವಿಷಯದಲ್ಲಿ ಅಷ್ಟೇ ಮೊಂಡು ಎನ್ನದೆ ವಿಧಿಯಿಲ್ಲ.

ಶ್ರಾವಕಾಚಾರಗಳ ಪಕ್ಷದಲ್ಲೂ ಒಂದು ಮಾತನ್ನು ಹೇಳಬೇಕು. ಅವು ಅಂಗರಾಗದ ಕಾಲವನ್ನು ಮಿತಿಗೊಳಿಸಿದವು, ಅಳತೆಯನ್ನೂ ಕೊಟ್ಟವು. ಆ ಅಳತೆಯನ್ನು ತಿನ್ನುವ ಪದಾರ್ಥಗಳಿಗೆ ಹಚ್ಚಿದಷ್ಟು ವಿಸ್ತಾರವಾಗಿ ಪೂಸುವ ಪದಾರ್ಥಗಳಿಗೆ ಹಚ್ಚಿದವರು ವಿರಳ. ಮೂಲಂಗಿಯನ್ನು ಮುಟ್ಟದ ಮನೆಯಲ್ಲಿ ಕಸ್ತೂರಿ ಜವಾದಿಯ ಕರಡಿಗೆ ಇದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರೇಷ್ಮೆಯ ಮಾತೂ ಹಾಗೆಯೇ. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣಗಳ ಸೀಮೆಯಲ್ಲಿ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವುದನ್ನು ಕಂಡವರಿಗೆ ಅದರೊಳಗಿನ ಹುಳುವಿನ ಗತಿಯನ್ನು ವಿವರಿಸಬೇಕಾಗಿಲ್ಲ. ಆದರೂ ಪೂಜೆಗೆ ರೇಷ್ಮೆಯೇ ಮಡಿ ಎಂಬ ಭಾವನೆ ಎಷ್ಟೋ ಕಡೆ ಇನ್ನೂ ಹೋಗಿಲ್ಲ. ಅದು ಪ್ರತ್ಯೇಕ ಚರ್ಚೆಯ ವಿಷಯ.

ಇಂದಿನ ಅಂಗಡಿಯಲ್ಲಿ ಪ್ರಶ್ನೆಯ ರೂಪ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕಸ್ತೂರಿಮೃಗ ಸೇರಿರುವುದರಿಂದ ನಿಜವಾದ ಕಸ್ತೂರಿಯ ಮಾರಾಟ ಅಪರಾಧ. ಇತ್ತ 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಜ್ಞನು ಕಸ್ತೂರಿಯ ವಾಸನೆಯುಳ್ಳ ಕೃತಕ ವಸ್ತುವೊಂದನ್ನು ಕಂಡುಹಿಡಿದನು. ನಿಜವಾದ ಕಸ್ತೂರಿಯ ಸುಗಂಧಸಾರವಾದ ಮಸ್ಕೋನಿನ ರಚನೆಯನ್ನು 1926ರಲ್ಲಿ ರುಜಿಚ್ಕಾ ಬಿಡಿಸಿ ತೋರಿಸಿದನು. ಈಗ ಸೀಸೆಗಳ ಮೇಲೆ ಮಸ್ಕ್ ಎಂದು ಬರೆದಿರುವುದು ಬಹುಮಟ್ಟಿಗೆ ಪ್ರಯೋಗಾಲಯದ ಸೃಷ್ಟಿ. ನೈಸರ್ಗಿಕವಾದುದೆಲ್ಲ ಶುದ್ಧ, ಕೃತಕವಾದುದೆಲ್ಲ ಅಶುದ್ಧ ಎಂಬ ರೂಢಿಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ಕೃತಕ ಕಸ್ತೂರಿಗಾಗಿ ಯಾವ ಮೃಗವೂ ಉರುಳಿಗೆ ಬೀಳಬೇಕಾಗಿಲ್ಲ. ಸಿದ್ಧ ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದಿಗೂ ಅದೇ ವರ್ಷ ತಡೆ ಬಂದಿತು. ಸಸ್ಯಜನ್ಯವೇ ಬೇಕೆನ್ನುವವರಿಗೆ ಕಸ್ತೂರಿ ಬೆಂಡೆಯ ಬೀಜದ ಎಣ್ಣೆಯಿದೆ. ಅದರ ಪರಿಮಳ ಹೆಸರಿಗೆ ತಕ್ಕಂತೆಯೇ ಇರುತ್ತದೆ.

ಮದ್ಯಸಾರದ ಪ್ರಶ್ನೆಯನ್ನು ಯುವಕರು ಆಗಾಗ ಕೇಳುತ್ತಾರೆ. ಮದ್ಯತ್ಯಾಗವೆಂಬ ಮೂಲಗುಣವು ಕುಡಿಯುವುದನ್ನು ಕುರಿತದ್ದು. ಆದರೆ ಹುಳಿಯುವಿಕೆಯಲ್ಲಿ ಆಗುವ ಜೀವಘಾತವೂ ಆ ತ್ಯಾಗಕ್ಕೆ ಕಾರಣವಾಗಿರುವುದರಿಂದ, ಸಿಂಪಡಿಸುವ ಸೀಸೆಯನ್ನು ಬಿಟ್ಟು ಎಣ್ಣೆಯ ಅತ್ತರನ್ನು ಆರಿಸುವವರ ನಿಲುವು ಹೆಚ್ಚು ಸುಸಂಗತವಾದುದು. ಕನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಹಬೆಯನ್ನು ಗಂಧದೆಣ್ಣೆಗೆ ಇಳಿಸುತ್ತಿದ್ದರು. ಈಗ ಗಂಧದೆಣ್ಣೆಯ ಬೆಲೆ ಏರಿ, ಅದರ ಸ್ಥಾನದಲ್ಲಿ ಅಗ್ಗದ ಖನಿಜತೈಲವನ್ನು ಬಳಸುವುದು ಸಾಮಾನ್ಯವಾಗಿದೆ.

ಶ್ರೀಗಂಧದ ವಿಷಯದಲ್ಲಿ ಅಹಿಂಸೆಗಿಂತಲೂ ಅಚೌರ್ಯದ ವಿಚಾರ ಮುಂದೆ ಬರುತ್ತದೆ. ಮರದ ಚೇಗಿನಲ್ಲಿಯೂ ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಅದನ್ನು ಕಡಿಯುವುದಿಲ್ಲ, ಬುಡಸಹಿತ ಕೀಳುತ್ತಾರೆ. 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ರಫ್ತು ನಿಂತು ಗಂಧದ ಕೊರಡುಗಳು ಗೋದಾಮಿನಲ್ಲಿ ಉಳಿದಾಗ, 1916ರಲ್ಲಿ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ತೊಡಗಿತು. ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಅದೇ. ಬೆಳೆದವನಿಗೇ ಮರದ ಒಡೆತನ ಸಿಕ್ಕಿದ್ದು 2001ರ ಅರಣ್ಯ ಕಾಯಿದೆಯ ತಿದ್ದುಪಡಿಯಿಂದ. ಅಷ್ಟರೊಳಗೆ ಕಳ್ಳಸಾಗಣೆಯಿಂದ ಕಾಡು ಬರಿದಾಗುತ್ತ ಬಂದು, 1998ರಲ್ಲಿ ಶ್ರೀಗಂಧವು ಅಂತರರಾಷ್ಟ್ರೀಯ ಕೆಂಪು ಪಟ್ಟಿಯನ್ನು ಸೇರಿತ್ತು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಮೂರು ಈ ವ್ಯಾಪಾರಕ್ಕೆಂದೇ ಬರೆದಂತಿವೆ. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಕೀಳು ಪದಾರ್ಥವನ್ನು ಉತ್ತಮವೆಂದು ತೋರಿ ಮಾರುವುದು ಪ್ರತಿರೂಪಕ ವ್ಯವಹಾರ. ರಸೀದಿಯಿಲ್ಲದೆ ಅಗ್ಗಕ್ಕೆ ಬಂದ ಗಂಧದ ಕೊರಡು ಜಿನಬಿಂಬದ ಮುಂದೆ ತೇಯಲ್ಪಟ್ಟರೂ ಮೊದಲೆರಡು ದೋಷಗಳಿಂದ ಮುಕ್ತವಾಗುವುದಿಲ್ಲ. ಬಣ್ಣ ಕಟ್ಟಿದ ಮರದ ಪುಡಿಗೆ ಕೃತಕ ವಾಸನೆ ಬೆರೆಸಿ ‘ಶುದ್ಧ ಶ್ರೀಗಂಧ’ವೆಂದು ಮಾರಿದ ಪೊಟ್ಟಣ ಮೂರನೆಯದಕ್ಕೆ ಸೇರುತ್ತದೆ.

ಬಸದಿಯ ಆಡಳಿತ ಮಂಡಳಿಗಳು ಗಮನಿಸಬೇಕಾದುದು ಅಷ್ಟಗಂಧವನ್ನು. ಅದರ ಪಟ್ಟಿ ಎಲ್ಲೆಡೆ ಒಂದೇ ಅಲ್ಲ. ಕೆಲವು ಪಟ್ಟಿಗಳಲ್ಲಿ ಕಸ್ತೂರಿ, ಗೋರೋಚನಗಳೂ ಇವೆ. ಅಷ್ಟವಿಧಾರ್ಚನೆಯಲ್ಲಿ ಗಂಧವನ್ನು ಅರ್ಪಿಸುವುದು ಸಂಸಾರತಾಪದ ಶಮನಕ್ಕೆ, ಧೂಪವನ್ನು ಅರ್ಪಿಸುವುದು ಅಷ್ಟಕರ್ಮಗಳ ದಹನಕ್ಕೆ. ಆ ಭಾವನೆಯ ದ್ರವ್ಯದಲ್ಲಿ ಪ್ರಾಣಿಜನ್ಯ ವಸ್ತುವಿಗೆ ಸ್ಥಾನವಿಲ್ಲ. ಅವುಗಳನ್ನು ಬಿಟ್ಟು ಎಂಟು ಸಸ್ಯದ್ರವ್ಯಗಳನ್ನು ಹೊಂದಿಸುವುದು ಕಷ್ಟದ ಕೆಲಸವೂ ಅಲ್ಲ. ಮಾರುವವನಿಂದ ದ್ರವ್ಯಗಳ ಹೆಸರನ್ನು ಬರೆಸಿಕೊಂಡು, ಶ್ರೀಗಂಧಕ್ಕೆ ರಸೀದಿಯನ್ನು ಪಡೆದು ಕಡತದಲ್ಲಿಡುವ ಪದ್ಧತಿಯನ್ನು ಮಂಡಳಿಗಳು ಆರಂಭಿಸುವುದು ಉಚಿತ. ಪೂಜೆ ಮುಗಿದ ಮೇಲೆ ಶ್ರಾವಕನಿಗೆ ದೊರೆಯುವ ಗಂಧೋದಕವಾದರೂ ಎಷ್ಟು? ಬೆರಳ ತುದಿಯಲ್ಲಿ ನಿಲ್ಲುವಷ್ಟು. ಅದನ್ನು ಹಣೆಗೆ ಹಚ್ಚಿಕೊಂಡವನು, ಪಕ್ಕದಲ್ಲಿ ಸಾಮಾಯಿಕಕ್ಕೆ ಕುಳಿತ ವೃದ್ಧರಿಗೆ ಉಸಿರು ಕಟ್ಟುವಂತೆ ಅತ್ತರನ್ನು ಬಳಿದುಕೊಂಡು ಬಂದಿರುವ ದೃಶ್ಯ ಅಪರೂಪವೇನಲ್ಲ.

ಭಾದ್ರಪದದ ದಶಲಕ್ಷಣ ಪರ್ವದ ನಡುವೆ, ಶುಕ್ಲ ದಶಮಿಯಂದು, ಸುಗಂಧದಶಮಿ ಬರುತ್ತದೆ. ಅಂದು ಬಸದಿಯು ಧೂಪದಿಂದ ತುಂಬಿರುತ್ತದೆ. ಅದೇ ದಿನ ಉಪವಾಸವಿರುವ ಶ್ರಾವಕನು, ಸಮಂತಭದ್ರರು ಪ್ರೋಷಧೋಪವಾಸಕ್ಕೆ ಹೇಳಿದ ಪ್ರಕಾರ, ಅಲಂಕಾರ, ಗಂಧ, ಹೂ, ಸ್ನಾನ, ಅಂಜನಗಳನ್ನು ಬಿಟ್ಟಿರುತ್ತಾನೆ. ಸುಗಂಧ ದೇವರ ಮುಂದೆ, ತನ್ನ ಮೈಮೇಲೆ ಏನೂ ಇಲ್ಲ. ಆದರೆ ಅಂದು ಓದುವ ವ್ರತಕಥೆಯ ಈಚಿನ ನಿರೂಪಣೆಗಳು ಈ ಅಂತರವನ್ನು ಮರೆತಿವೆ. ಮುನಿಗೆ ಕಹಿ ಸೋರೆಯ ಆಹಾರವನ್ನಿತ್ತ ರಾಣಿ ಮರುಜನ್ಮಗಳಲ್ಲಿ ಮೈಯ ದುರ್ಗಂಧವನ್ನು ಅನುಭವಿಸಿ, ವ್ರತದಿಂದ ಅದನ್ನು ಕಳೆದುಕೊಂಡಳೆಂಬುದು ಕಥೆ. ಸೋರೆಯ ಪ್ರಸಂಗವನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, ಕೊನೆಯಲ್ಲಿ ಆಕೆಗೆ ದೊರೆತ ಸುಗಂಧಿತ ಶರೀರವನ್ನೂ ರಾಜಭೋಗವನ್ನೂ ಪುಟಗಟ್ಟಲೆ ವರ್ಣಿಸುವ ಕಿರುಹೊತ್ತಗೆಗಳು ಹೊಸ ಮುದ್ರಣವನ್ನು ಕಾಣುವಾಗ, ಆ ಎರಡು ವಾಕ್ಯಗಳನ್ನು ವಿಸ್ತರಿಸುವ ಹೊಣೆ ಸಂಪಾದಕರದು.